ಹಳೆ ಸಲಕರಣೆಯನ್ನೇ ನೆಚ್ಚಿದವರು

1854ರ ಡಿಸೆಂಬರಿನಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮುಂದೆ ಕ್ಯಾಮೆರಾ ನಿಲ್ಲಿಸಿದ ಲಿನೇಯಸ್ ಟ್ರೈಪ್, ಆ ಕಾಲದ ಲೆಕ್ಕದಲ್ಲಿ ಹಳತಾಗುತ್ತಿದ್ದ ಸಲಕರಣೆಯನ್ನೇ ಹೊತ್ತು ತಂದಿದ್ದ. ಅವನು ಮದ್ರಾಸ್ ಸೈನ್ಯದ ಅಧಿಕಾರಿ. ಆಗ ಬೆಂಗಳೂರಿನಲ್ಲಿದ್ದ. ಮೂರು ವರ್ಷ ಹಿಂದೆಯೇ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್, ಗಾಜಿನ ಮೇಲೆ ಕಲೋಡಿಯನ್ ಎಂಬ ಅಂಟು ದ್ರವ ಬಳಿದು ಚಿತ್ರ ಹಿಡಿಯುವ ವಿಧಾನವನ್ನು ಪ್ರಕಟಿಸಿಯಾಗಿತ್ತು. ಗಾಜಿನ ನೆಗೆಟಿವ್ ಸ್ಪಷ್ಟ, ಬೇಗ ಬೆಳಕು ಹಿಡಿಯುತ್ತದೆ, ಕೂದಲೆಳೆಯಷ್ಟು ವಿವರವನ್ನೂ ಬಿಡುವುದಿಲ್ಲ. ಟ್ರೈಪ್‌ಗೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. 1853ರಲ್ಲೇ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಸೇರಿದ್ದವನು ಅವನು. ಆದರೂ ಅವನ ಪೆಟ್ಟಿಗೆಯಲ್ಲಿದ್ದದ್ದು ಕಾಗದ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕಾಗದದ ನೆಗೆಟಿವ್‌ನ ವಂಶಕ್ಕೆ ಸೇರಿದ ಕಾಗದ.

ಕಾರಣ ತೀರ ಸಾಮಾನ್ಯವಾದದ್ದು. ಕಲೋಡಿಯನ್ ಬಳಿದ ಗಾಜನ್ನು ಅದು ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕು, ಹಸಿಯಾಗಿರುವಾಗಲೇ ತೊಳೆಯಬೇಕು. ಅಷ್ಟೂ ಕೆಲಸಕ್ಕೆ ಸಿಗುವುದು ಹತ್ತು ಹದಿನೈದು ನಿಮಿಷ. ನಮ್ಮ ಬಿಸಿಲಿನಲ್ಲಿ ಅಷ್ಟೂ ಸಿಗುವುದಿಲ್ಲ. ಹಾಗಾಗಿ ಗಾಜಿನ ಫೋಟೊಗ್ರಾಫರ್ ಹೋದಲ್ಲೆಲ್ಲ ಒಂದು ಕತ್ತಲ ಡೇರೆ, ನೀರಿನ ಪಾತ್ರೆ, ಔಷಧದ ಶೀಶೆಗಳು, ಒಡೆಯುವ ಗಾಜಿನ ಹೊರೆ ಎಲ್ಲವೂ ಹಿಂದೆಯೇ ಬರಬೇಕು. ಮೇಣ ಕುಡಿಸಿದ ಕಾಗದಕ್ಕೆ ಈ ಗೋಳಿಲ್ಲ. ಬಿಡಾರದಲ್ಲೇ ಮುಂಚಿತವಾಗಿ ಸಿದ್ಧಮಾಡಿ, ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಚಿತ್ರ ತೆಗೆದು, ಮರಳಿ ಬಂದ ಮೇಲೆ ನಿಧಾನವಾಗಿ ತೊಳೆಯಬಹುದು. ಮಿನಿಟುಗಟ್ಟಲೆ ಲೆನ್ಸ್ ತೆರೆದಿಡಬೇಕಾಗುತ್ತದೆ, ನಿಜ. ಆದರೆ ಹೊಯ್ಸಳೇಶ್ವರನ ಗೋಡೆಯ ಆನೆಗಳು ಅಲುಗಾಡುವವಲ್ಲವಲ್ಲ!

ಆ ಪ್ರವಾಸದಲ್ಲಿ ಹಳೇಬೀಡು, ಬೇಲೂರುಗಳಲ್ಲಿ ತೆಗೆದ ಚಿತ್ರಗಳು 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ತೂಗಿದವು. ಅದೇ ವರ್ಷ ಮುಂಬಯಿ ಸರ್ಕಾರದ ಪರವಾಗಿ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಅವನದ್ದೂ ಕಾಗದವೇ. ಅವನ ನಂತರ ವೈದ್ಯ ಪಿಗೊ, ಮದ್ರಾಸಿನ ಕಡೆಯಿಂದ ವೈದ್ಯ ಆಂಡ್ರ್ಯೂ ನೀಲ್ ಕೆಲಸ ಮುಂದುವರಿಸಿದರು. ಇವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಅಚ್ಚಾಯಿತು. ಅದಕ್ಕೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ಕನ್ನಡನಾಡಿನ ಗುಡಿಗಳ ಮೊದಲ ತಲೆಮಾರಿನ ಚಿತ್ರಗಳಲ್ಲಿ ಹಳೆ ತಂತ್ರವನ್ನು ತಿಳಿದೂ ತಿಳಿದೂ ಆರಿಸಿಕೊಂಡವರ ಕೈವಾಡ ದೊಡ್ಡದು ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು.

ಟ್ರೈಪ್‌ನ ಚಿತ್ರಗಳಲ್ಲಿ ಇನ್ನೊಂದು ಸೊಗಸಿದೆ. ಅಂದಿನ ರಾಸಾಯನಿಕಗಳು ನೀಲಿ ಬಣ್ಣಕ್ಕೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಆಕಾಶ ಪ್ರಿಂಟಿನಲ್ಲಿ ಬರೀ ಬಿಳಿ ಬಯಲಾಗಿ ಬರುತ್ತಿತ್ತು. ಅವನು ನೆಗೆಟಿವ್ ಮೇಲೆ ಕುಂಚದಿಂದ ಮೋಡ ಬರೆದ. ಕಾಗದವಾದ್ದರಿಂದ ಬಣ್ಣ ಹಿಡಿಯಿತು. ಫೋಟೊಶಾಪನ್ನು ಬೈಯುವ ಫಿಲಂ ಪ್ರಿಯರು ಈ ಮೋಡಗಳನ್ನು ಒಮ್ಮೆ ನೋಡಬೇಕು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ಅವನು, ಆಗ ಮದ್ರಾಸ್ ಸರ್ಕಾರದ ಫೋಟೊಗ್ರಾಫರ್ ಆಗಿದ್ದವನು, 21 ಚಿತ್ರಗಳಾಗಿ ತೆಗೆದು, ಅಂಟಿಸಿ, 19 ಅಡಿ ಉದ್ದದ ಸುರುಳಿ ಮಾಡಿದ. ಅಷ್ಟರಲ್ಲಿ ಮದ್ರಾಸಿಗೆ ಹೊಸ ಗವರ್ನರಾಗಿ ಚಾರ್ಲ್ಸ್ ಟ್ರೆವೆಲಿಯನ್ ಬಂದ. ಸರ್ಕಾರಿ ಫೋಟೊಗ್ರಫಿ ದುಬಾರಿ ಶೋಕಿ ಎಂದು ಅವನಿಗೆ ಅನಿಸಿತು. ಇಲಾಖೆ ಮುಚ್ಚಿತು. ಟ್ರೈಪ್ ಸೈನ್ಯದ ಕೆಲಸಕ್ಕೆ ಮರಳಿದ.

ಇಂದು ಡಿಜಿಟಲ್ ಕ್ಯಾಮೆರಾ ಬಿಟ್ಟು ಫಿಲಂ ರೋಲ್ ಹಾಕುವವರನ್ನು ಕಂಡಾಗ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ: ಹಳೆಯ ನೆನಪಿನ ಹುಚ್ಚು, ಇಲ್ಲವೇ ಫ್ಯಾಶನ್. ಎರಡೂ ಸ್ವಲ್ಪಮಟ್ಟಿಗೆ ಇರಬಹುದು. ಆದರೆ ಈ ಕಸುಬಿನ ನೂರೆಪ್ಪತ್ತು ವರ್ಷದ ಚರಿತ್ರೆ ನೋಡಿದರೆ, ಹೊಸದು ಕೈಗೆಟುಕುವಂತಿದ್ದಾಗಲೂ ಹಳೆಯದನ್ನು ಹಿಡಿದುಕೊಂಡವರಿಗೆ ಹವಾಮಾನ, ಹೊರೆ, ಸರಕಿನ ಲಭ್ಯತೆ, ಸರ್ಕಾರದ ನೀತಿ, ಕೈಗೆ ಕೂತ ಕೆಲಸ ಇಂಥ ಗಟ್ಟಿ ಕಾರಣಗಳೇ ಇದ್ದವು.

ಗಾಜಿನ ಕಥೆಯನ್ನೇ ತೆಗೆದುಕೊಳ್ಳಿ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಾಟಿನ್ ಬಳಸಿ ಒಣ ಪ್ಲೇಟಿನ ದಾರಿ ತೋರಿಸಿದ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಸುರುಳಿ ಫಿಲಂನ ಕೊಡಾಕ್ ಕ್ಯಾಮೆರಾ ಹೊರತಂದ. ಸುರುಳಿ ಬಂದ ಮೇಲೆ ಗಾಜು ಮೂಲೆ ಸೇರಬೇಕಿತ್ತು. ಸೇರಲಿಲ್ಲ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಮರದ ಪ್ಲೇಟ್ ಕ್ಯಾಮೆರಾ, ಕಪ್ಪು ಬಟ್ಟೆಯ ಮುಸುಕು ದಶಕಗಳ ಕಾಲ ಉಳಿದವು. ಅದಕ್ಕೆ ಮುಖ್ಯ ಕಾರಣ ‘ಟಚಿಂಗ್’. ದೊಡ್ಡ ನೆಗೆಟಿವ್ ಅನ್ನು ಇಳಿಜಾರು ಮೇಜಿನ ಮೇಲೆ ಬೆಳಕಿಗೆ ಅಡ್ಡ ಇಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ಮುಚ್ಚುವುದು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬಿಳುಪು. ಹೆಣ್ಣು ನೋಡಲು ಬರುವವರಿಗೆ ಮೊದಲೇ ಕಳಿಸುವ ಫೋಟೊದ ಗತಿ ಈ ಪೆನ್ಸಿಲ್ ಹಿಡಿದವನ ಕೈಯಲ್ಲಿತ್ತು. ಬೆರಳಗಲದ ಫಿಲಂ ಮೇಲೆ ಈ ಕೆಲಸ ಮಾಡಲು ಸಾಧ್ಯವೇ?

ವಿಜ್ಞಾನಿಗಳೂ ಗಾಜನ್ನು ಬಿಡಲಿಲ್ಲ, ಅವರ ಕಾರಣ ಬೇರೆ. ಫಿಲಂ ಹಿಗ್ಗುತ್ತದೆ, ಕುಗ್ಗುತ್ತದೆ, ಸುರುಳಿಯಾಗುತ್ತದೆ. ಅಳತೆ ಮಾಡಬೇಕಾದ ಚಿತ್ರ ಹಾಗಾಗಕೂಡದು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದರು. ಶತಮಾನ ದಾಟಿದ ಈ ಸಾಲು ಈಗ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಆಸ್ತಿ. ಸೂರ್ಯಕಲೆಗಳ ಏರಿಳಿತವನ್ನು ಓದುವ ಇಂದಿನ ಸಂಶೋಧಕರು ಅವೇ ಪ್ಲೇಟುಗಳ ಡಿಜಿಟಲ್ ಪ್ರತಿಗಳನ್ನು ಬಳಸುತ್ತಾರೆ.

ಸ್ವಾತಂತ್ರ್ಯ ಬಂದಾಗ ಭಾರತದ ಫೋಟೊಗ್ರಾಫರ್‌ಗೆ ‘ಆಯ್ಕೆ’ ಎಂಬ ಮಾತೇ ಲೇವಡಿಯ ಹಾಗಿತ್ತು. ಫಿಲಂ, ಪೇಪರ್, ಔಷಧ ಎಲ್ಲವೂ ಹೊರಗಿನಿಂದ ಬರಬೇಕು. ಕೊಡಾಕ್ 1913ರಿಂದಲೇ ಇಲ್ಲಿ ವ್ಯಾಪಾರ ನಡೆಸುತ್ತಿತ್ತು, ಆದರೆ 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದಿನ ಮೇಲೆ ಬಿಗಿಯಾದ ಕಡಿವಾಣ ಬಿತ್ತು. ಸಿನಿಮಾದವರಿಗೂ ಆಸ್ಪತ್ರೆಯ ಎಕ್ಸ್-ರೇ ಕೋಣೆಗೂ ಬೇಕಾದದ್ದು ಒಂದೇ ಸರಕು: ಬೆಳ್ಳಿಯ ಉಪ್ಪು ಬೆರೆಸಿದ ಜೆಲಾಟಿನ್ ಬಳಿದ ಹಾಳೆ. ಅದನ್ನು ನಾವೇ ಮಾಡೋಣ ಎಂದು ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆ ಕಟ್ಟಿತು. ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ಸಹಕಾರ. ಜಾಗ ಊಟಿ.

ಊಟಿ ಯಾಕೆ? ಧೂಳು ಕಡಿಮೆ, ತಂಪು ಹವೆ, ಒಳ್ಳೆಯ ನೀರು. ಫಿಲಂ ಕಾರ್ಖಾನೆಗೆ ಒಂದು ಕಣ ಧೂಳು ಕೂಡ ವೈರಿ. ಬೆಳಕಿಗೆ ಹೆದರುವ ಎಮಲ್ಷನ್ ಅನ್ನು ಕತ್ತಲಲ್ಲೇ ಬೇಯಿಸಿ, ಕತ್ತಲಲ್ಲೇ ಬಳಿದು, ಕತ್ತಲಲ್ಲೇ ಒಣಗಿಸಿ, ಕತ್ತಲಲ್ಲೇ ಕತ್ತರಿಸಿ ಕಟ್ಟುವ ಕೆಲಸ ಅದು. ಜೆಲಾಟಿನ್ ಬರುವುದು ದನದ ಮೂಳೆ, ಚರ್ಮಗಳಿಂದ. ಅದರ ಗುಣ ಒಮ್ಮೊಮ್ಮೆ ಒಂದೊಂದು ಥರ ಇರುತ್ತಿದ್ದುದಕ್ಕೆ 1920ರ ದಶಕದಲ್ಲಿ ಕೊಡಾಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಕಾರಣ ಹುಡುಕಿದ. ಜೆಲಾಟಿನ್‌ನಲ್ಲಿ ಉಳಿದ ಲವಲೇಶ ಗಂಧಕದ ಸಂಯುಕ್ತಗಳಿಂದಲೇ ಫಿಲಂಗೆ ಬೆಳಕಿನ ಸೂಕ್ಷ್ಮತೆ ಬರುತ್ತಿತ್ತು; ಆ ಗಂಧಕ ದನಗಳು ಮೇಯ್ದ ಸಾಸಿವೆಯ ಜಾತಿಯ ಗಿಡಗಳಿಂದ ಬಂದದ್ದು. ಸಿನಿಮಾ ಉದ್ಯಮದ ಬೆನ್ನ ಹಿಂದೆ ಸಾಸಿವೆ ತಿಂದ ಹಸುವೊಂದು ನಿಂತಿತ್ತು ಎಂದರೆ ಉತ್ಪ್ರೇಕ್ಷೆಯೇನಿಲ್ಲ.

1967ರಲ್ಲಿ ಊಟಿಯ ಹೊರವಲಯದ ಕಾರ್ಖಾನೆಯಿಂದ ‘ಇಂದು’ ಹೆಸರಿನ ಫಿಲಂ ಹೊರಬರತೊಡಗಿತು. ಕಪ್ಪು-ಬಿಳುಪು ರೋಲ್, ಬ್ರೋಮೈಡ್ ಪೇಪರ್, ಎಕ್ಸ್-ರೇ ಹಾಳೆ, ಸಿನಿಮಾ ಪಾಸಿಟಿವ್ ಎಲ್ಲಕ್ಕೂ ಅದೇ ಹೆಸರು. ಕಾರ್ಮಿಕರಿಗಾಗಿ ಎದ್ದ ಬಡಾವಣೆ ಇಂದುನಗರ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಇಂದು ರೋಲ್ ಹಾಕಿ ಮನೆಯವರ ಫೋಟೊ ತೆಗೆದ ಒಂದು ತಲೆಮಾರೇ ಇದೆ. ಕ್ಲಿಕ್ 3ರಲ್ಲಿ ಬಿಸಿಲು, ಮೋಡ ಎಂದು ಗುರುತು ಹಾಕಿದ ಸಣ್ಣ ಕಡ್ಡಿಯೊಂದಿತ್ತು, ಅದರಾಚೆ ಯೋಚಿಸಲು ಏನೂ ಇರಲಿಲ್ಲ. ಒಂದು ರೋಲ್‌ಗೆ ಚೌಕಾಕಾರದ 12 ಫೋಟೊ. ಜಾತ್ರೆಗೆ ಎರಡು, ತಂಗಿಯ ಸೀಮಂತಕ್ಕೆ ನಾಲ್ಕು, ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು. ಹೀಗೆ ಒಂದೇ ರೋಲ್ ಕ್ಯಾಮೆರಾದೊಳಗೆ ತಿಂಗಳುಗಟ್ಟಲೆ ಕೂತಿರುತ್ತಿತ್ತು. 36ರ ರೋಲ್ ಬಂದ ಮೇಲೆ ಮಂದ ಬೆಳಕಿನಲ್ಲಿ ಫಿಲಂನ ತುದಿಯನ್ನು ಆದಷ್ಟು ಕಡಿಮೆ ಎಳೆದು ಸಿಕ್ಕಿಸಿ 37, 38ನೇ ಫೋಟೊ ಹೊರಡಿಸುವುದು ಒಂದು ವಿದ್ಯೆಯಾಗಿತ್ತು.

ತೊಳೆಯುವ ಕೆಲಸದ ಕಷ್ಟ ಬೇರೆಯೇ. ಕೊಡಾಕ್ 1927ರಲ್ಲಿ ಹೊರತಂದ ಡಿ-76 ಎಂಬ ಡೆವಲಪರ್‌ನ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಒಂದು ಲೀಟರ್‌ಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಡಬ್ಬಿಯ ಪುಡಿ ಸಿಗದಿದ್ದಾಗ ಬಿಡಿ ರಾಸಾಯನಿಕ ತಂದು ಸಣ್ಣ ತಕ್ಕಡಿಯಲ್ಲಿ ತೂಗಿ ಬೆರೆಸುವುದು ಡಾರ್ಕ್ ರೂಮಿನವರ ನಿತ್ಯದ ಕೆಲಸ. ಮೊದಲು ಸ್ವಲ್ಪ ಸಲ್ಫೈಟ್, ಆಮೇಲೆ ಮೆಟಾಲ್. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಹಾಕಿದರೆ ಮೆಟಾಲ್ ಕರಗುವುದಿಲ್ಲ. ಸೂತ್ರದ ಕೊನೆಗೆ ಒಂದು ಷರತ್ತು: ದ್ರಾವಣ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ರಾಯಚೂರು, ಬಳ್ಳಾರಿಗಳ ಏಪ್ರಿಲ್‌ನಲ್ಲಿ ನಲ್ಲಿಯ ನೀರೇ ಅದಕ್ಕಿಂತ ಎಷ್ಟೋ ಬಿಸಿ. ಆಗ ಟ್ರೇಯ ಸುತ್ತ ಮಂಜುಗಡ್ಡೆ ಇಡಬೇಕು, ಇಲ್ಲವೇ ನಡುರಾತ್ರಿ ದಾಟಿದ ಮೇಲೆ ಕೂರಬೇಕು. ತಣ್ಣಗಿನ ಡೆವಲಪರ್‌ನಿಂದ ತೆಗೆದ ಫಿಲಂ ಅನ್ನು ಬೆಚ್ಚಗಿನ ನೀರಿಗೆ ಹಾಕಿದರೆ ಜೆಲಾಟಿನ್ ಒಮ್ಮೆಲೇ ಉಬ್ಬಿ, ಬರಗಾಲದ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಮದುವೆಯ ರೋಲ್ ಹೀಗಾದರೆ ಸ್ಟುಡಿಯೋದವನು ಊರು ಬಿಡಬೇಕಾದೀತು! ಬೆಂಗಳೂರು, ಮೈಸೂರಿನವರಿಗೆ ಈ ಮಟ್ಟಿಗೆ ದೇವರ ದಯೆಯಿತ್ತು.

ಸಿನಿಮಾದವರಿಗೆ ಇನ್ನೊಂದು ಬಾಗಿಲಿತ್ತು, ಪೂರ್ವ ಜರ್ಮನಿಯ ವೋಲ್ಫೆನ್‌ನಲ್ಲಿ ತಯಾರಾಗುತ್ತಿದ್ದ ಓರ್ವೊ. ಆ ದೇಶದೊಂದಿಗೆ ರೂಪಾಯಿಯಲ್ಲೇ ವ್ಯವಹಾರ ನಡೆಯುತ್ತಿದ್ದುದರಿಂದ ಡಾಲರ್ ಬೇಕಿರಲಿಲ್ಲ. ಹಾಗಾಗಿ ಆ ಕಾಲದ ಎಷ್ಟೋ ಭಾರತೀಯ ಚಿತ್ರಗಳ ಬೂದುಬಣ್ಣದ ಛಾಯೆಯಲ್ಲಿ ಸೌಂದರ್ಯಪ್ರಜ್ಞೆಯ ಜತೆಗೆ ವಾಣಿಜ್ಯ ಒಪ್ಪಂದವೂ ಸೇರಿದೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಅದಾಗಿ ಹದಿಮೂರು ವರ್ಷದ ಮೇಲೂ, 1977ರಲ್ಲಿ, ಗಿರೀಶ್ ಕಾಸರವಳ್ಳಿ ‘ಘಟಶ್ರಾದ್ಧ’ವನ್ನು ಕಪ್ಪು-ಬಿಳುಪಿನಲ್ಲೇ ತೆಗೆದರು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಚಿತ್ರದ ನಾಯಕಿ ಯಮುನಕ್ಕನ ಮುಂಡನದ ದೃಶ್ಯ ಬಣ್ಣದಲ್ಲಿದ್ದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಲು ಮನಸ್ಸು ಒಪ್ಪುವುದಿಲ್ಲ.

ಫಿಲಂನ ಪರವಾಗಿ ಅತ್ಯಂತ ಬಲವಾದ ವಾದವೂ ಇದೇ ಚಿತ್ರದಿಂದ ಸಿಗುತ್ತದೆ. ‘ಘಟಶ್ರಾದ್ಧ’ದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದಲೇ ಪುನರುಜ್ಜೀವನಗೊಂಡ ಹೊಸ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. 47 ವರ್ಷ ಹಿಂದಿನ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೂ ಚಿತ್ರ ಕಾಣುತ್ತದೆ. ಇಪ್ಪತ್ತು ವರ್ಷ ಹಿಂದಿನ ಸಿ.ಡಿ.ಯನ್ನೋ ಹಾರ್ಡ್ ಡಿಸ್ಕನ್ನೋ ತೆಗೆದು ನೋಡಲು ಹೊರಟವರಿಗೆ ಈ ಮಾತಿನ ಬೆಲೆ ಗೊತ್ತು.

ಕನ್ನಡನಾಡಿನ ಫಿಲಂ ಚರಿತ್ರೆಯಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಹೆಸರು ಬಿಡುವಂತಿಲ್ಲ. ಪುಣೆಯ ಫಿಲಂ ಸಂಸ್ಥೆ ಹುಟ್ಟುವ ಎಷ್ಟೋ ಮೊದಲೇ ಅಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು, ಮುಂಬಯಿಗೆ ಹೋಗಿ, ಗುರುದತ್ತ್ ಅವರ ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕೋಲನ್ನು ಅವರು ದೀಪಗಳಿಂದ ಹುಟ್ಟಿಸಲಿಲ್ಲ, ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನ ವಿದ್ಯಾರ್ಥಿ.

ಇತ್ತ ಕಾಡಿನಲ್ಲಿ ಕ್ಯಾಮೆರಾ ಹಿಡಿದವರ ಶಿಸ್ತು ಇನ್ನೂ ಕಠಿಣ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೊರದೇಶಗಳಲ್ಲಿ ಹೆಸರು ತಂದವರು. ಘೋರ್ಪಡೆ ಅವರ ಬಂಡೀಪುರದ ಆನೆಗಳು ಕಪ್ಪು-ಬಿಳುಪಿನವು. ಪೆರುಮಾಳ್ ರಾತ್ರಿಯ ಹಕ್ಕಿಗಳ ಹಿಂದೆ ಬಿದ್ದರು. ಗೂಡಿನ ಎದುರು ಮರೆ ಕಟ್ಟಿಕೊಂಡು, ಕತ್ತಲಲ್ಲಿ ಹಕ್ಕಿ ಬರುವ ದಾರಿಯನ್ನು ಅಂದಾಜಿಸಿ ಫೋಕಸ್ ಮೊದಲೇ ಗೊತ್ತುಮಾಡಿಟ್ಟು, ಫ್ಲ್ಯಾಷ್ ಬೆಳಗಿಸಲು ಒಂದೇ ಒಂದು ಕ್ಷಣಕ್ಕೆ ಕಾಯುವ ಕೆಲಸ. ಚಿತ್ರ ಬಂತೋ ಇಲ್ಲವೋ ತಿಳಿಯುವುದು ಊರಿಗೆ ಬಂದು ಫಿಲಂ ತೊಳೆದ ಮೇಲೆ. ಹಾಗಾಗಿ ಹಕ್ಕಿಯ ನಡವಳಿಕೆಯನ್ನು ಮೊದಲು ಬಾಯಿಪಾಠ ಮಾಡಬೇಕಿತ್ತು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೊ ತೆಗೆಯುತ್ತ ಕೂತದ್ದೂ ಇದೇ ಕಾಲದಲ್ಲಿ. ಕಂಪ್ಯೂಟರ್ ಬಂದಾಗ ಅದಕ್ಕೂ ಅಷ್ಟೇ ಆಸೆಯಿಂದ ಕೈ ಹಾಕಿದವರು ಅವರು. ಹಳತು-ಹೊಸತಿನ ನಡುವೆ ಜಗಳ ಹಚ್ಚುವವರಿಗೆ ತೇಜಸ್ವಿ ಒಳ್ಳೆಯ ಸಾಕ್ಷಿಯಾಗಲಾರರು.

ಫಿಲಂ ಅನ್ನು ಮುಗಿಸುವ ಯಂತ್ರ ಹುಟ್ಟಿದ್ದು ಫಿಲಂ ಕಂಪನಿಯ ಹೊಟ್ಟೆಯಲ್ಲೇ. 1975ರ ಡಿಸೆಂಬರಿನಲ್ಲಿ ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಮೂರೂವರೆ ಕಿಲೋಗಿಂತ ಭಾರವಾದ ಒಂದು ಪೆಟ್ಟಿಗೆ ಜೋಡಿಸಿದ. ಅದು 0.01 ಮೆಗಾಪಿಕ್ಸೆಲ್‌ನ ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಕಂಪನಿಯ ದೊಡ್ಡವರಿಗೆ ಅದರಲ್ಲಿ ಆತುರ ಕಾಣಲಿಲ್ಲ. ಫಿಲಂ ಮಾರಿ ಬರುತ್ತಿದ್ದ ಲಾಭ ಹಾಗಿತ್ತು. ನಮ್ಮಲ್ಲೂ 80ರ ದಶಕದಿಂದ ಕಲರ್ ಲ್ಯಾಬ್‌ಗಳು ತಾಲ್ಲೂಕು ಮಟ್ಟಕ್ಕೆ ಇಳಿದವು. ಹಾಟ್ ಶಾಟ್ ಕ್ಯಾಮೆರಾ, ಆಮೇಲೆ ಕೊಡಾಕ್ ಕೆಬಿ10 ಹಿಡಿದು ಕಾಲೇಜು ಟೂರ್‌ಗಳು ಹೊರಟವು. ಫಿಲಂಗೆ ಅದಕ್ಕಿಂತ ಸುಗ್ಗಿಯ ಕಾಲ ಇರಲಿಲ್ಲ.

ಇಳಿತ ಬಂದದ್ದು ಎಷ್ಟು ಬೇಗ ಎಂಬುದಕ್ಕೆ ಕೊಡಾಕ್‌ನ ಸಿನಿಮಾ ಫಿಲಂನ ಲೆಕ್ಕವೇ ಸಾಕು: 2006ರಲ್ಲಿ 1,240 ಕೋಟಿ ಅಡಿ, 2014ರ ಅಂದಾಜು 45 ಕೋಟಿ ಅಡಿಗಿಂತ ಕಡಿಮೆ. ಇಂಗ್ಲೆಂಡಿನ ಇಲ್‌ಫೋರ್ಡ್ 2004ರಲ್ಲಿ ಮುಗ್ಗರಿಸಿತು, ಜರ್ಮನಿಯ ಆಗ್ಫಾಫೋಟೊ 2005ರಲ್ಲಿ ದಿವಾಳಿಯಾಯಿತು, 2012ರ ಜನವರಿಯಲ್ಲಿ ಕೊಡಾಕ್ ಕೂಡ ದಿವಾಳಿ ಅರ್ಜಿ ಹಾಕಿತು. ಊಟಿಯ ಕಾರ್ಖಾನೆ ಅಷ್ಟು ದೂರ ಕಾಯಲೇ ಇಲ್ಲ. ಪಾಲಿಯೆಸ್ಟರ್ ಎಕ್ಸ್-ರೇ ಫಿಲಂನ ಹೊಸ ಘಟಕಕ್ಕೆ ದೊಡ್ಡ ಸಾಲ ಮಾಡಿ ಕೂತಿರುವಾಗಲೇ ಆರ್ಥಿಕ ಉದಾರೀಕರಣ ಬಂದು ಆಮದು ಸುಂಕ ಇಳಿಯಿತು. 1996ರಲ್ಲಿ ಅದು ರೋಗಗ್ರಸ್ತ ಕೈಗಾರಿಕೆಗಳ ಪಟ್ಟಿ ಸೇರಿತು. ಡಿಜಿಟಲ್ ಬಂದು ಹೊಡೆದದ್ದು ಆಗಲೇ ಮಲಗಿದ್ದ ದೇಹವನ್ನು.

ಕೊಡಾಕ್ರೋಮ್‌ನ ಕೊನೆಯ ಪಯಣ ಈ ಕಾಲದ ವಿಚಿತ್ರವನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. 1935ರಲ್ಲಿ ಬಂದ ಈ ಬಣ್ಣದ ಫಿಲಂನ ಜನಕರು ಇಬ್ಬರು ಸಂಗೀತಗಾರರು, ಲಿಯೊಪೋಲ್ಡ್ ಮ್ಯಾನಸ್ ಮತ್ತು ಲಿಯೊಪೋಲ್ಡ್ ಗೊಡೊವ್‌ಸ್ಕಿ. ಗಂಗೆಯ ತೀರದಿಂದ ರಾಜಸ್ಥಾನದವರೆಗೆ ರಘುವೀರ್ ಸಿಂಗ್ ತೆಗೆದ ಬಣ್ಣಗಳಿಗೆ ಅದೇ ಆಸರೆ, ಸ್ಟೀವ್ ಮೆಕರಿಯ ಪ್ರಸಿದ್ಧ ಅಫ್ಘನ್ ಹುಡುಗಿಗೂ ಅದೇ. 2009ರ ಜೂನ್‌ನಲ್ಲಿ ಕೊಡಾಕ್ ಅದನ್ನು ನಿಲ್ಲಿಸಿದಾಗ ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಮೆಕರಿಗೆ ಕೊಟ್ಟಿತು. 36 ಫೋಟೊ. ನ್ಯೂಯಾರ್ಕಿನಲ್ಲಿ ನಟ ರಾಬರ್ಟ್ ಡಿ ನೀರೊ ಅವರಿಂದ ಶುರುಮಾಡಿ, ಮುಂಬಯಿಯ ಸಿನಿಮಾ ತಾರೆಯರು, ರಾಜಸ್ಥಾನದ ರಬಾರಿಗಳು, ಇಸ್ತಾಂಬುಲ್ ಎಂದು ಸುತ್ತಿ, ಅದನ್ನು ತೊಳೆಯುವ ಜಗತ್ತಿನ ಕೊನೆಯ ಲ್ಯಾಬ್ ಇದ್ದ ಕ್ಯಾನ್ಸಸ್‌ನ ಪಾರ್ಸನ್ಸ್ ಊರಿಗೆ 2010ರ ಜುಲೈನಲ್ಲಿ ಬಂದಿಳಿದ. ಮಜಾ ಏನೆಂದರೆ, ಒಂದೊಂದು ಫ್ರೇಮ್ ಒತ್ತುವ ಮೊದಲೂ ಬೆಳಕು ಸರಿಯಿದೆಯೇ ಎಂದು ಅವನು ಡಿಜಿಟಲ್ ಕ್ಯಾಮೆರಾದಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದ!

ಬ್ರೆಜಿಲ್‌ನ ಸೆಬಾಸ್ಟಿಯಾವ್ ಸಲ್ಗಾಡೊ ಉಲ್ಟಾ ದಾರಿ ಹಿಡಿದರು. ದಶಕಗಳ ಕಾಲ ಟ್ರೈ-ಎಕ್ಸ್ ಫಿಲಂ ಬಳಸಿದ ಅವರು ‘ಜೆನೆಸಿಸ್’ ಯೋಜನೆಯ ನಡುವೆ, 2008ರಲ್ಲಿ, ಡಿಜಿಟಲ್‌ಗೆ ಬಂದರು. ವಿಮಾನ ನಿಲ್ದಾಣಗಳ ಎಕ್ಸ್-ರೇ ಯಂತ್ರಗಳು ಫಿಲಂ ಅನ್ನು ಮಂಕು ಮಾಡುತ್ತಿದ್ದದ್ದೇ ದೊಡ್ಡ ಕಾರಣ. ಆದರೆ ಪರದೆಯ ಮೇಲೆ ಚಿತ್ರ ಆರಿಸುವುದು ಅವರಿಗೆ ಒಗ್ಗಲಿಲ್ಲ. ಕಾಂಟ್ಯಾಕ್ಟ್ ಶೀಟ್ ಹಾಕಿಸಿ ಭೂತಗನ್ನಡಿಯಿಂದ ನೋಡಿದರು. ಟ್ರೈ-ಎಕ್ಸ್‌ನ ಕಣಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದರು. ಡಿಜಿಟಲ್ ಚಿತ್ರದಿಂದ ಮತ್ತೆ ನೆಗೆಟಿವ್ ಮಾಡಿಸಿ ಬೆಳ್ಳಿಯ ಪೇಪರಿನ ಮೇಲೆ ಪ್ರಿಂಟ್ ತೆಗೆಸಿದರು. ಹಳೇಬೀಡಿನಲ್ಲಿ ಬಿಸಿಲು ಮಾಡಿದ ತೀರ್ಮಾನವನ್ನು ಇಲ್ಲಿ ವಿಮಾನ ನಿಲ್ದಾಣದ ಯಂತ್ರ ಮಾಡಿತು.

ಹಾಗಾದರೆ ಈಗ, ಇಷ್ಟೆಲ್ಲ ಆದ ಮೇಲೂ, ಫಿಲಂ ಹಿಡಿಯುವವರು ಯಾರು? ಹ್ಯಾಸಲ್‌ಬ್ಲಾಡ್‌ನಂಥ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ದಯಾನಿತಾ ಸಿಂಗ್ ಅಂಥವರು ಒಂದು ಕಡೆ. 2022ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಪಡೆದ ಅವರು ಆ ಗೌರವ ಸಿಕ್ಕ ಮೊದಲ ಭಾರತೀಯರು. ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಈ ಕ್ಯಾಮೆರಾ ಫೋಟೊ ತೆಗೆಯುವವರ ಮುಖವನ್ನು ಮುಚ್ಚುವುದಿಲ್ಲ. ಎದುರಿಗೆ ಕೂತವರಿಗೆ ಮಾತಾಡಲು ಒಂದು ಮುಖ ಸಿಗುತ್ತದೆ. ಸಿನಿಮಾದಲ್ಲಿ ಕ್ರಿಸ್ಟೋಫರ್ ನೋಲನ್. 2018ರಲ್ಲಿ ಮುಂಬಯಿಗೇ ಬಂದು ಫಿಲಂ ಉಳಿಸಿ ಎಂದು ವಾದಿಸಿದವರು. ಅವರ ‘ಆಪನ್‌ಹೈಮರ್’ಗಾಗಿ ಕೊಡಾಕ್ ಐಮ್ಯಾಕ್ಸ್ ಅಳತೆಯ ಕಪ್ಪು-ಬಿಳುಪು ಫಿಲಂ ಅನ್ನು ಮೊದಲ ಬಾರಿಗೆ ತಯಾರಿಸಿತು. ಇನ್ನೊಂದು ಕಡೆ ಬೆಂಗಳೂರಿನ ಇಪ್ಪತ್ತೈದರ ಹುಡುಗ ಹುಡುಗಿಯರಿದ್ದಾರೆ. ಅಜ್ಜನ ಬೀರುವಿನಿಂದ ಯಾಶಿಕಾ ತೆಗೆದು, ಬೂಸ್ಟು ಹಿಡಿದ ಲೆನ್ಸ್ ಒರೆಸಿ, ಸಾವಿರ ರೂಪಾಯಿ ಆಸುಪಾಸಿನ ರೋಲ್ ಆನ್‌ಲೈನ್‌ನಲ್ಲಿ ತರಿಸುವವರು. ತೊಳೆಯುವ ಖರ್ಚು ಬೇರೆ, ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಡಬ್ಬಿ ಲ್ಯಾಬ್‌ಗೆ ಹೋಗಿ, ಚಿತ್ರಗಳು ಮೊಬೈಲ್‌ಗೆ ಬಂದು, ಅಲ್ಲಿಂದ ಇನ್‌ಸ್ಟಾಗ್ರಾಂ ಸೇರುತ್ತವೆ. ಪ್ರಿಂಟ್ ಹಾಕಿಸುವವರು ಕಡಿಮೆ. ಹಳೆ ಡಾರ್ಕ್ ರೂಮಿನವರು ಇದನ್ನು ನೋಡಿ ನಗಬಹುದು. ಆದರೆ ಮೂವತ್ತಾರು ಅವಕಾಶಗಳಿಗೆ ಹಣ ಕೊಟ್ಟವನು ಮೂವತ್ತಾರು ಸಲ ಯೋಚಿಸುತ್ತಾನೆ. ಬೆಲೆಯೇ ಇಲ್ಲಿ ಮೇಷ್ಟ್ರು. ಅಂದು ಆಮದು ಪರವಾನಗಿಯ ಕೊರತೆ ಕಲಿಸಿದ್ದನ್ನೇ ಇಂದು ದುಬಾರಿತನ ಕಲಿಸುತ್ತಿದೆ. ವ್ಯತ್ಯಾಸವೆಂದರೆ ಇವರು ಆ ಕಷ್ಟವನ್ನು ಬೇಕೆಂದೇ ಕೊಂಡುಕೊಂಡವರು.

ಕಂಪನಿಗಳೂ ಗಾಳಿ ತಿರುಗಿದ್ದನ್ನು ಗಮನಿಸಿವೆ. ಕೊಡಾಕ್ 2012ರಲ್ಲಿ ಕೈಬಿಟ್ಟ ಎಕ್ಟಾಕ್ರೋಮ್ 2018ರಲ್ಲಿ ಮರಳಿತು. ಲೈಕಾ 2022ರಲ್ಲಿ ತನ್ನ ಎಂ6 ಅನ್ನು ಮತ್ತೆ ತಯಾರಿಸತೊಡಗಿತು. ಇಲ್‌ಫೋರ್ಡ್‌ನ ಅವಶೇಷದಿಂದ ಎದ್ದ ಹಾರ್ಮನ್ 2023ರ ಕೊನೆಗೆ ಹೊಸ ಬಣ್ಣದ ಫಿಲಂ ಅನ್ನೇ ಹೊರತಂದಿತು. 2024ರಲ್ಲಿ ಬಂದ ಪೆಂಟಾಕ್ಸ್ 17 ಕ್ಯಾಮೆರಾವಂತೂ ಪೂರಾ ಹೊಸ ವಿನ್ಯಾಸ. ಅದು ಒಂದು ಫ್ರೇಮಿನ ಜಾಗವನ್ನು ಎರಡಾಗಿ ಸೀಳಿ, 36ರ ರೋಲ್‌ನಲ್ಲಿ 72 ಫೋಟೊ ಕೊಡುತ್ತದೆ. ನೇರ ಹಿಡಿದರೆ ಚಿತ್ರ ಮೊಬೈಲ್ ಪರದೆಯ ಹಾಗೆ ನಿಂತೇ ಬರುತ್ತದೆ. ಫಿಲಂ ಸುತ್ತುವ ಲಿವರ್‌ಗೆ ಬೇಕಾದ ಹಲ್ಲುಚಕ್ರಗಳ ವಿದ್ಯೆ ಕಂಪನಿಯ ಈಗಿನ ತಲೆಮಾರಿನ ಎಂಜಿನಿಯರ್‌ಗಳ ಕೈಯಲ್ಲಿರಲಿಲ್ಲ. ಹಳೆಯ ನಕ್ಷೆಗಳನ್ನು ಹುಡುಕಿ ತೆಗೆದು, ನಿವೃತ್ತರಾಗಿದ್ದ ಎಂಜಿನಿಯರ್‌ಗಳನ್ನು ಕರೆಸಿ ಕೇಳಬೇಕಾಯಿತು.